ಮೊಸರಿನ ಡಬ್ಬಿಗೆ ಬಿದ್ದ ಮೇಪಲ್

ಈ ಜನವರಿಯ ಒಂದು ಬೆಳಿಗ್ಗೆ ನಮ್ಮ ಕಟ್ಟಡದಲ್ಲಿ ಬಾಡಿಗೆಗಿರುವ ಕಂಪನಿಯೊಂದು ತನ್ನ ಕೆಲಸಗಾರರಿಗೆ ಪ್ಯಾನ್‌ಕೇಕ್ ತಿಂಡಿ ಇಟ್ಟುಕೊಂಡಿತ್ತು. ಟೆಕ್ಸಸ್‌ನ ಡ್ಯಾಲಸ್ ಹತ್ತಿರದ ಫಾರ್ಮರ್ಸ್ ಬ್ರಾಂಚ್‌ನಲ್ಲಿ ಹೆದ್ದಾರಿಯ ಪಕ್ಕಕ್ಕಿರುವ ಈ ಆಫೀಸು ಕಟ್ಟಡಗಳಲ್ಲಿ ನನ್ನದು ಮೇಂಟೆನೆನ್ಸ್ ಕೆಲಸ. ನಾನು ಓದಿದ್ದು ಐಟಿಐ. ಲಾಬಿಯ ಹೀಟರ್ ನೋಡಲೆಂದು ಏಣಿ ಹಿಡಿದು ಹೋದವನಿಗೆ, ಪ್ಯಾನ್‌ಕೇಕಿನ ಮೇಲೆ ಸುರಿಯಲು ಬಿಸಿ ಮಾಡಿದ ಮೇಪಲ್ ಸಿರಪ್ಪಿನ ವಾಸನೆ ಮೂಗಿಗೆ ಬಡಿಯಿತು. ಏಣಿಯನ್ನು ಅಲ್ಲೇ ಗೋಡೆಗೆ ಒರಗಿಸಿ, ಮೆಟ್ಟಿಲಿನ ಕಡೆ ಹೋಗಿ ಬಾಗಿಲು ಹಾಕಿಕೊಂಡು ನಿಂತೆ. ಹಿಂದೆಯೇ ಬಂದ ಸೆಕ್ಯುರಿಟಿಯವನು ಎಲ್ಲಾದರೂ ಸೋರುತ್ತಿದೆಯೇ ಎಂದು ಕೇಳಿದ. ಹೌದು, ನೋಡುತ್ತಿದ್ದೇನೆ ಎಂದೆ.

ಬಸವಂತಣ್ಣ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು.

ಅವರು ನನಗೆ ಷಡ್ಡಕರಾಗಬೇಕು. ದಾವಣಗೆರೆಯ ಒಂದೇ ಮನೆಯ ಅಕ್ಕ ತಂಗಿಯರನ್ನು ನಾವು ಮದುವೆಯಾಗಿದ್ದೆವು. ಅಕ್ಕ ಶಾರದಕ್ಕ ಅವರ ಹೆಂಡತಿ, ತಂಗಿ ಸುಮಾ ನನ್ನ ಹೆಂಡತಿ. ಅಣ್ಣನೋ ತಮ್ಮನೋ ತೀರಿಕೊಂಡರೆ ಜನ ಬಂದು ಕೈ ಹಿಡಿದು ಮಾತಾಡಿಸುತ್ತಾರೆ. ಷಡ್ಡಕ ತೀರಿಕೊಂಡರೆ, "ಪಾಪ, ನಿಮ್ಮ ಮಿಸೆಸ್‌ಗೆ ಅಕ್ಕನ ಚಿಂತೆ ಆಗಿರಬೇಕು" ಎನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಚಿಂತೆ ಅವಳಿಗೂ ಆಗಿದೆ. ನಾನು ಬರೆಯಲು ಕುಳಿತದ್ದು ದೂರು ಹೇಳುವುದಕ್ಕಲ್ಲ, ಹೋದ ಚಳಿಗಾಲದಲ್ಲಿ ನಾವಿಬ್ಬರೂ ಸೇರಿ ಮಾಡಿದ ಒಂದು ಹುಚ್ಚು ಕೆಲಸ ನೆನಪಾಗಿದ್ದಕ್ಕೆ. ಅಳುವುದಕ್ಕೆಂದು ಕುಳಿತರೂ ಅದು ನೆನಪಾಗಿ ನಗು ಬರುತ್ತದೆ.

ಅವರು ಮಹಾಲಿಂಗಪುರದವರು, ನಾನು ಮಂಡ್ಯದ ಕಡೆಯವನು. ಎರಡೂ ಬೆಲ್ಲದ ಊರು. ಹಾಗಾಗಿ ನನ್ನ ಮದುವೆಯಾದ ಹೊಸದರಲ್ಲೇ ಯಾರ ಊರಿನ ಬೆಲ್ಲ ದೊಡ್ಡದು ಎಂಬ ಜಗಳ ನಮ್ಮಲ್ಲಿ ಶುರುವಾಗಿತ್ತು. ಅದು ಮೂವತ್ತು ವರ್ಷ ನಡೆಯಿತು. ಅವರು ಇಂಜಿನಿಯರ್, ದೊಡ್ಡ ದನಿ, ದೊಡ್ಡ ಮೀಸೆ. ತಾವಿದ್ದ ರೌಂಡ್ ರಾಕ್ ಊರಿನ ಕಂಪ್ಯೂಟರ್ ಕಂಪನಿಯಿಂದ ನಿವೃತ್ತರಾದ ಮೇಲೆ, ಮನೆಯಿಂದ ಪೂರ್ವಕ್ಕೆ ಒಂದು ಗಂಟೆ ದಾರಿಯಲ್ಲಿ ಹಳ್ಳದ ಪಕ್ಕ ಸ್ವಲ್ಪ ಜಮೀನು ಕೊಂಡರು. ಒಂದು ಸಣ್ಣ ಮನೆ, ಒಂದು ಶೆಡ್ಡು, ಉಳಿದದ್ದೆಲ್ಲ ಕಪ್ಪು ಮಣ್ಣು.

"ಎರೀ ಭೂಮಿ ಐತಿ ರಾಜಪ್ಪಾ, ಥೇಟ್ ನಮ್ಮೂರಿಂದ!" ಎಂದು ಫೋನಿನಲ್ಲಿ ಕೂಗಿದ್ದರು. ನನ್ನ ಹೆಸರು ರಾಜಶೇಖರ. ರಾಜಪ್ಪ ಎಂದು ಕರೆಯುತ್ತಿದ್ದವರು ಅವರೊಬ್ಬರೇ.

ಮೊದಲ ವರ್ಷ ಅರಿಸಿನ ಹಾಕಿದರು, ಕೊಳೆಯಿತು. ಆಮೇಲೆ ಬೆಂಡೆ ಹಾಕಿದರು. ಕಾಯಿ ಬಿಡುವ ವಾರ ಜಿಂಕೆಗಳು ಬಂದು ದಂಟನ್ನೂ ಬಿಡದೆ ತಿಂದು ಹೋದವು. ಕೋಳಿ ಸಾಕಿದರು. ಅವುಗಳ ಕಥೆಯನ್ನು ಶಾರದಕ್ಕ ಯಾರಿಗೂ ಹೇಳಬಾರದೆಂದಿದ್ದಾರೆ. ಹಳ್ಳದ ದಂಡೆಯಲ್ಲಿ ಮಾತ್ರ ಮೂರು ಮೂರು ಎಲೆಯ ಮರಗಳ ಗುಂಪೊಂದು ತಾನಾಗಿ ಸೊಂಪಾಗಿ ಬೆಳೆದಿತ್ತು. ಆ ಕಡೆಗೆ ಅವರು ಯಾರನ್ನೂ ಬಿಡುತ್ತಿರಲಿಲ್ಲ. ಈ ದೇಶದಲ್ಲಿ ಮುಟ್ಟಿದರೆ ಮೈಯೆಲ್ಲ ಬೊಬ್ಬೆ ಏಳುವ ವಿಷದ ಬಳ್ಳಿಯೊಂದಿದೆ, ಅದಕ್ಕೂ ಮೂರೆಲೆ. ಅಲ್ಲಿನ ಸಣ್ಣ ಸಸಿಗಳನ್ನು ಕಂಡು ಅದೇ ಬಳ್ಳಿ ಎಂದು ತಿಳಿದು, ಹಗ್ಗ ಕಟ್ಟಿ, "ಡೇಂಜರ್" ಎಂದು ಬೋರ್ಡು ಬರೆದು ಹಾಕಿದ್ದರು. ಹೋದ ವರ್ಷದ ಹಿಂದಿನ ವರ್ಷದ ಬೇಸಿಗೆಯಲ್ಲಿ ಸುಮಾ ದೂರದಿಂದ ಅದರ ಫೋಟೋ ತೆಗೆದು ಫೋನಿಗೆ ಕೇಳಿದಳು. ಫೋನು ಅದು ಬಾಕ್ಸ್ ಎಲ್ಡರ್, ಮೇಪಲ್ ಜಾತಿಯ ಮರ ಎಂದಿತು.

ಬಸವಂತಣ್ಣ ಎರಡು ವರ್ಷ ತಾವೇ ಕಾವಲು ಕಾದ ಹಗ್ಗವನ್ನು ದಾಟಿ ಹೋಗಿ ಮರವನ್ನು ತಬ್ಬಿಕೊಂಡರು. "ಮೇಪಲ್! ಹೊಲದಾಗ ಸಕ್ಕರಿ ಇಟಗೊಂಡು ನಾ ಬೆಂಡಿಕಾಯಿ ಹಾಕಿದ್ನೆಲ್ಲೋ!"

ಮೇಪಲ್ ಸಿರಪ್ ಎಂದರೆ ಕೆನಡಾ ಕಡೆಯದು, ಹಿಮ ಬೀಳುವ ಊರಿನದು. ಟೆಕ್ಸಸ್‌ನಲ್ಲಿ ಯಾರಾದರೂ ಮಾಡುವುದನ್ನು ನಾನಂತೂ ಕೇಳಿರಲಿಲ್ಲ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇದ್ದು, ಹಗಲು ಬಿಸಿಲು ಬಂದರೆ ಮರದೊಳಗಿನ ರಸ ಓಡಾಡುತ್ತದೆ. ಆಗ ಸಣ್ಣ ತೂತು ಕೊರೆದು ನಳಿಗೆ ಇಟ್ಟರೆ ಹನಿಹನಿಯಾಗಿ ಬೀಳುತ್ತದೆ. ಅದನ್ನು ಗಂಟೆಗಟ್ಟಲೆ ಕುದಿಸಿದರೆ ತಳದಲ್ಲಿ ಸ್ವಲ್ಪ ಸಿರಪ್ ಉಳಿಯುತ್ತದೆ. ಅದರಲ್ಲೂ ಬಾಕ್ಸ್ ಎಲ್ಡರ್‌ನ ರಸದಲ್ಲಿ ಸಿಹಿ ಕಡಿಮೆ. ಇದನ್ನೆಲ್ಲ ನಾನು ಓದಿ ಹೇಳಿದೆ. ಅವರು, "ಕಬ್ಬಿನ ಹಾಲು ಕುದಿಸೂ ಮಂದಿಗೆ ಇದೇನು ದೊಡ್ಡದು" ಎಂದರು.

ಆ ಶರತ್ಕಾಲದಲ್ಲಿ ಅವರ ಎದೆಯಲ್ಲಿ ನೋವು ಬಂದು ಸ್ಟೆಂಟ್ ಹಾಕಿದರು. ಶುಗರ್ ಮೊದಲೇ ಇತ್ತು. ಮಗಳು ವಿದ್ಯಾ ಶುಗರ್ ಲ್ಯಾಂಡ್ ಎಂಬ ಊರಿನಲ್ಲಿ ಡಾಕ್ಟರ್. ಇಲ್ಲೇ ಹುಟ್ಟಿ ಬೆಳೆದವಳು, ತಂದೆಯ ಹಟವೆಲ್ಲ ಅವಳಲ್ಲೂ ಇದೆ. ಅಪ್ಪನನ್ನು ತನ್ನ ಮನೆಗೆ ಕರೆದುಕೊಂಡು ಹೋಗಿ ಸೋಫಾದಲ್ಲಿ ಕೂರಿಸಿ, ನಮ್ಮೆಲ್ಲರ ಎದುರಿಗೇ ಹೇಳಿದಳು.

"ಅಪ್ಪಾ, ಐ ಆಮ್ ಡನ್. ಸ್ಪ್ರಿಂಗ್ ಬರೋದ್ರೊಳಗೆ ಆ ಲ್ಯಾಂಡ್ ಸೇಲ್ ಮಾಡಬೇಕು. ಅಲ್ಲಿ ಫೋನ್ ಸಿಗ್ನಲ್ ಇಲ್ಲ. ನೀವು ಬಿದ್ರೆ ಯಾರು ನೋಡ್ತಾರೆ? ಜಿಂಕೆ ಆಂಬುಲೆನ್ಸ್‌ಗೆ ಕಾಲ್ ಮಾಡುತ್ತಾ?"

"ನನ್ನ ಬೆಂಡಿಕಾಯಿ ತಿಂದು ಬೆಳದಾವವ್ವಾ. ಅಷ್ಟು ಉಪಕಾರ ಮಾಡೂದಿಲ್ಲೇನು?"

"ದಿಸ್ ಈಸ್ ನಾಟ್ ಎ ಜೋಕ್!"

ಅವಳ ಕಣ್ಣಲ್ಲಿ ನೀರು ಬಂದಿತ್ತು. ಬಸವಂತಣ್ಣ ಮೊಮ್ಮಗಳು ನೀಲಾ ಊಟದ ಮೇಜಿನ ಮೇಲೆ ಬಿಟ್ಟು ಹೋಗಿದ್ದ ತಟ್ಟೆಯ ಕಡೆ ನೋಡಿದರು. ನೀಲಾಳಿಗೆ ಆಗ ಎಂಟು ವರ್ಷ. ಅವಳು ಏನನ್ನು ಕೊಟ್ಟರೂ ಅರ್ಧ ಬಿಡುತ್ತಾಳೆ, ಉಳಿದರ್ಧಕ್ಕೆ ಟೀಕೆ ಮಾಡುತ್ತಾಳೆ.

"ಒಂದು ಕರಾರು ಮಾಡೂಣು," ಎಂದರು. "ಈ ಥಂಡಿ ಮುಗಿಯೂದ್ರಾಗ ನನ್ನ ಗಿಡದ ಸಿರಪ್ ನೀಲಾನ ಪ್ಯಾನ್‌ಕೇಕಿನ ಮ್ಯಾಲೆ ಹಾಕ್ತೀನಿ. ಅಕಿ ಪ್ಲೇಟ್ ಖಾಲಿ ಮಾಡಿದ್ಲಂದ್ರ ಹೊಲ ಇರ್ತೈತಿ. ಬಿಟ್ಲಂದ್ರ ನೀ ಹೇಳಿದ ದಿನ ಬಂದು ಸಹಿ ಹಾಕ್ತೀನಿ."

ತಟ್ಟೆ ಖಾಲಿ ಮಾಡುವ ನೀಲಾಳನ್ನು ಯಾರೂ ಕಂಡಿರಲಿಲ್ಲ. ವಿದ್ಯಾ ಕೂಡಲೇ ಒಪ್ಪಿದಳು. ಅವಳದೂ ಒಂದು ಷರತ್ತು ಇತ್ತು. ಅಪ್ಪ ಕಾಫಿ ಲೋಟಕ್ಕಿಂತ ಭಾರದ್ದೇನನ್ನೂ ಎತ್ತಬಾರದು, ಹೊಲಕ್ಕೆ ಹೋದಾಗೆಲ್ಲ ಕಾಕಾ ಜೊತೆಗಿರಬೇಕು. ಕಾಕಾ ಎಂದರೆ ನಾನು. ನನ್ನನ್ನು ಯಾರೂ ಕೇಳಲಿಲ್ಲ.

ಹೀಗೆ ಡಿಸೆಂಬರ್ ತಿಂಗಳ ಪ್ರತಿ ಶನಿವಾರ ನಾನು ಡ್ಯಾಲಸ್‌ನಿಂದ ಮೂರು ಗಂಟೆ ಡ್ರೈವ್ ಮಾಡಿಕೊಂಡು ಹೋಗಿ ಸಕ್ಕರೆ ಸುಗ್ಗಿಗೆ ಹೊಲ ಸಜ್ಜು ಮಾಡತೊಡಗಿದೆ. ಹಳ್ಳಕ್ಕೆ ಇಳಿಯುವ ದಾರಿಯ ಮುಳ್ಳು ಸವರಿದೆ. ಬಿದ್ದ ಓಕ್ ಕೊಂಬೆಗಳನ್ನು ಕಡಿದು ಶೆಡ್ಡಿನಲ್ಲಿ ಒಟ್ಟಿದೆ. ಬಸವಂತಣ್ಣ ಮಡಿಸುವ ಕುರ್ಚಿಯಲ್ಲಿ ಕುಳಿತು ಕಾಫಿ ಲೋಟ ಎತ್ತುತ್ತ ಇಳಿಸುತ್ತ, "ಅಡ್ಡ ಒಟ್ಟಬ್ಯಾಡ, ಉದ್ದಕ್ಕ ಒಟ್ಟು" ಎನ್ನುತ್ತಿದ್ದರು.

ರಸ ಹಿಡಿಯಲು ಬಕೆಟ್ ತರಿಸೋಣ ಎಂದೆ. ಅವರು ಕೇಳಲಿಲ್ಲ. ಇಂಡಿಯನ್ ಅಂಗಡಿಯ ದೊಡ್ಡ ಮೊಸರಿನ ಡಬ್ಬಿಗಳನ್ನು ಇಲ್ಲಿನ ಕನ್ನಡದ ಮನೆಗಳಲ್ಲಿ ಯಾರೂ ಎಸೆಯುವುದಿಲ್ಲ. ಅದರಲ್ಲಿ ಸಾರು ಇಡುತ್ತಾರೆ, ಹಿಟ್ಟು ಇಡುತ್ತಾರೆ, ಡಬ್ಬಿಯೊಳಗೆ ಡಬ್ಬಿಯನ್ನೇ ಇಡುತ್ತಾರೆ. ಶಾರದಕ್ಕ ಕನ್ನಡದವರ ಫೋನ್ ಗುಂಪಿನಲ್ಲಿ ಒಂದು ಮೆಸೇಜ್ ಹಾಕಿದ್ದೇ ತಡ, ರೌಂಡ್ ರಾಕ್‌ನ ಮನೆಮನೆಗಳಿಂದ ಕಾರಿನ ಡಿಕ್ಕಿ ತುಂಬ ಡಬ್ಬಿಗಳು ಬಂದವು. ಕೆಲವರು ಒಳಗೆ ಚಟ್ನಿಪುಡಿ ತುಂಬಿಯೇ ಕಳಿಸಿದ್ದರು. ನಾನು ತೂತು ಹಾಕಿ, ತಂತಿ ಕಟ್ಟಿ, ಮಳೆನೀರು ಬೀಳದಂತೆ ಮುಚ್ಚಳ ಹೊಂದಿಸಿದೆ.

ದೊಡ್ಡ ಜಗಳವಾದದ್ದು ಒಲೆಯ ವಿಷಯಕ್ಕೆ. ನಾನು ಮಂಡ್ಯದ ಆಲೆಮನೆಯಲ್ಲಿ ಕಂಡಂತೆ ನೆಲ ತೋಡಿ, ಒಂದು ಕಡೆ ಉರಿ ಹಾಕಿ ಇನ್ನೊಂದು ಕಡೆ ಹೊಗೆ ಬಿಡುವ ಒಲೆ ತೆಗೆದೆ. ಅವರು ಬಂದು ನೋಡಿ, "ಇದು ಒಲೀನೋ, ನಾಯಿ ಮಲಗೂ ಗುಂಡಿನೋ?" ಎಂದರು.

"ಹೊಗೆ ಹಿಂದಕ್ಕೆ ಹೋಗ್ಬೇಕು ಕಣಣ್ಣ. ನಮ್ಮ ಸೋದರಮಾವನ ಆಲೆಮನೇಲಿ ಹಿಂಗೇ ಇತ್ತು."

"ಅದಕ್ಕ ನಿಮ್ಮ ಮಂಡ್ಯದ ಬೆಲ್ಲ ಹೊಗಿ ನಾರತೈತಿ."

"ನಿಮ್ಮೂರ ಬೆಲ್ಲ ಸುತ್ತಿಗೆ ಇಲ್ದೆ ಒಡೆಯಕ್ಕಾಗಲ್ಲ, ಅದನ್ನ ಹೇಳಿ ಮೊದಲು."

ನಿಜ ಹೇಳಬೇಕೆಂದರೆ ನಾವಿಬ್ಬರೂ ಹುಡುಗರಾಗಿದ್ದಾಗ ಬಿಸಿ ಬೆಲ್ಲ ತಿಂದು ನಾಲಿಗೆ ಸುಟ್ಟುಕೊಂಡವರು. ಒಂದು ದಿನವೂ ಬೇಯಿಸಿದವರಲ್ಲ. ಆದರೂ ಮಧ್ಯಾಹ್ನದವರೆಗೆ ವಾದ ನಡೆದು, ಒಲೆಗೆ ಎರಡು ಊರಿನ ಬಾಯಿಯೂ ಬಂತು. ಆಮೇಲೆ ಅದರ ಹೊಗೆ ಎರಡೂ ಕಡೆಯಿಂದ ನಮ್ಮ ಮುಖಕ್ಕೇ ಬರುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಮರಕ್ಕೆ ತೂತು ಕೊರೆಯುವ ದಿನ ಬಂತು. ಶಾರದಕ್ಕ ತಡೆದರು. "ಜೀವ ಇರೂ ಗಿಡಕ್ಕ ಹಂಗ ತೂತು ಹೊಡಿಬಾರದ್ರಿ. ಕ್ಷಮಾ ಕೇಳಬೇಕು." ಒಂದೊಂದು ಮರಕ್ಕೂ ಅರಿಸಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಹಳ್ಳದ ಕಲ್ಲಿಗೆ ತೆಂಗಿನಕಾಯಿ ಒಡೆದರು. ಆಮೇಲೆ ನಾನು ಡ್ರಿಲ್ ಹಿಡಿದೆ. ಪಕ್ಕದ ಜಮೀನಿನ ಅಜ್ಜಿಯೊಬ್ಬರು ತಮ್ಮ ಪಿಕಪ್ ನಿಲ್ಲಿಸಿ, ಕೆಂಪು ಬೊಟ್ಟಿಟ್ಟುಕೊಂಡು ಕೊರಳಿಗೆ ಮೊಸರಿನ ಡಬ್ಬಿ ಕಟ್ಟಿಕೊಂಡ ಮರಗಳನ್ನು ಬಹಳ ಹೊತ್ತು ನೋಡಿದರು. ಕಡಿಯಲು ಗುರುತು ಮಾಡಿದ್ದೀರಾ ಎಂದು ಕೇಳಿದರು.

"ನೋ ನೋ ಮೇಡಂ," ಎಂದರು ಬಸವಂತಣ್ಣ. "ಫಸ್ಟ್ ವಿ ಸೇ ಸಾರಿ. ದೆನ್ ಓನ್ಲಿ ಸ್ಮಾಲ್ ಹೋಲ್."

ಅಜ್ಜಿ ಒಂದು ಕ್ಷಣ ಯೋಚಿಸಿ, ತಮ್ಮ ಗಂಡನೂ ಹೀಗೆಯೇ ಇದ್ದರು ಎಂದು ಹೇಳಿ ಹೊರಟುಹೋದರು. ಆ ಮಾತಿನ ಅರ್ಥವೇನೆಂದು ನಾವು ಊಟ ಮುಗಿಯುವವರೆಗೆ ಚರ್ಚಿಸಿದೆವು.

ಎಲ್ಲವೂ ಸಿದ್ಧವಾಯಿತು, ಚಳಿ ಮಾತ್ರ ಬರಲಿಲ್ಲ. ಜನವರಿಯಲ್ಲಿ ಜನ ಅರ್ಧ ತೋಳಿನ ಅಂಗಿ ಹಾಕಿಕೊಂಡು ತಿರುಗುತ್ತಿದ್ದರು. ಡಬ್ಬಿಗಳಲ್ಲಿ ಇರುವೆ ಸೇರಿದವು. ಬಸವಂತಣ್ಣ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ನಮ್ಮ ಡ್ಯಾಲಸ್‌ನ ಚಳಿ ವಿಚಾರಿಸುತ್ತಿದ್ದರು, ಕನ್ಯೆ ಇರುವ ಮನೆಯನ್ನು ವಿಚಾರಿಸಿದಂತೆ. "ನಿಮ್ಮ ಕಡೆ ಹೆಂಗೈತಿ? ಸ್ವಲ್ಪ ಈ ಕಡೆ ಕಳಸು." ಕನ್ನಡದ ಗೆಳೆಯರು ಅವರನ್ನು "ಸಿರಪ್ ಸಾಹುಕಾರ್ರು" ಎಂದು ಕರೆಯತೊಡಗಿದ್ದರು. ಒಳಗೊಳಗೇ ಅವರಿಗೆ ದಿಗಿಲು ಹತ್ತಿತ್ತು. ಫೆಬ್ರವರಿ ಮುಗಿದರೆ ಮರ ಚಿಗುರುತ್ತದೆ, ಚಿಗುರಿದ ಮೇಲೆ ರಸ ಕೆಡುತ್ತದೆ. ವಿದ್ಯಾ ಆಗಲೇ ಜಮೀನು ಮಾರಿಸುವ ಒಬ್ಬ ಏಜೆಂಟನ ಜೊತೆ ಮಾತಾಡಿದ್ದಳು.

ತಿಂಗಳ ಕೊನೆಗೆ ಉತ್ತರದಿಂದ ಚಳಿಗಾಳಿ ಬರುತ್ತದೆಂಬ ಸುದ್ದಿ ಬಂತು. ಇಡೀ ಟೆಕ್ಸಸ್ ಹೆದರಿತು. ಅಂಗಡಿಗಳಲ್ಲಿ ಹಾಲು, ಬ್ರೆಡ್ಡು ಖಾಲಿಯಾದವು. ನೀರು ಹೆಪ್ಪುಗಟ್ಟಿ ಒಡೆಯದಂತೆ ಜನ ನಲ್ಲಿಗಳಿಗೆ ಟವೆಲ್ ಸುತ್ತಿದರು. ನನಗೆ ಕಟ್ಟಡದ ಪೈಪುಗಳನ್ನು ಕಾಯುವ ಕೆಲಸ. ಮೊಣಕಾಲೂರಿ ಪೈಪಿಗೆ ಬಟ್ಟೆ ಸುತ್ತುತ್ತಿದ್ದಾಗ ಫೋನ್ ಬಂತು. "ರಾಜಪ್ಪಾ! ಬಂತಲ್ಲೋ! ಪೈಪ್ ಒಡದ್ರ ಒಡೀಲಿ ಬಿಡು!" ಅಂದು ಟೆಕ್ಸಸ್‌ನಲ್ಲಿ ಸಂತೋಷವಾಗಿದ್ದ ಮನುಷ್ಯ ಅವರೊಬ್ಬರೇ ಇರಬೇಕು.

ಗಾಳಿ ನಿಂತು ಬಿಸಿಲು ಬಂದ ದಿನ ನಾನು ಹೊಲ ಸೇರಿದಾಗ ಹತ್ತು ಗಂಟೆ ಹೊಡೆದಿತ್ತು. ಹುಲ್ಲಿನ ಮೇಲೆ ಇನ್ನೂ ಬೆಳ್ಳಗೆ ಹಿಮದ ಪುಡಿ. ಹಳ್ಳದ ದಂಡೆಯಲ್ಲಿ ಟಪ್, ಟಪ್ ಎಂಬ ಸದ್ದು ಎಲ್ಲ ಕಡೆಯಿಂದ ಬರುತ್ತಿತ್ತು. ಷರತ್ತು ಮುರಿದು ನನಗಿಂತ ಮೊದಲೇ ಬಂದಿದ್ದ ಬಸವಂತಣ್ಣ ಮಂಗನ ಟೋಪಿ ಹಾಕಿಕೊಂಡು ಒಂದು ಡಬ್ಬಿಯ ಮುಂದೆ ಕುರ್ಚಿ ಹಾಕಿ ಕುಳಿತಿದ್ದರು. ಬೆರಳು ಅದ್ದಿ ನೆಕ್ಕಿದೆ. ನೀರು. ಎಲ್ಲೋ ದೂರದಲ್ಲಿ ಸಿಹಿಯ ಅನುಮಾನ.

"ಏನಣ್ಣ ಇದು, ನಮ್ಮೂರ ಬೋರ್‌ವೆಲ್ ನೀರೇ ಇದಕ್ಕಿಂತ ಸಿಹಿಯಾಗಿರುತ್ತೆ!"

ಅವರು ಜೋರಾಗಿ ನಕ್ಕರು. ಆಮೇಲೆ, ಹನಿ ಬೀಳುವುದನ್ನೇ ನೋಡುತ್ತ, ಅವರದಲ್ಲದ ಸಣ್ಣ ದನಿಯಲ್ಲಿ ಹೇಳಿದರು. "ಆಪರೇಶನ್ ಆದಾಗಿಂದ ಎಲ್ಲಾರೂ ನನ್ನ ಜೋಡಿ ಮೆತ್ತಗ ಮಾತಾಡ್ತಾರೋ. ಶಾರದಾ ಬೈಯೂದೂ ಬಿಟ್ಟಾಳ. ವಿದ್ಯಾ ನನ್ನ ನೋಡೂ ಮುಂದ ಮೊದಲ ಕೈ ಹಿಡದು ನಾಡಿ ನೋಡ್ತಾಳ. ನೀ ಒಬ್ಬ ಜಗಳ ಆಡ್ತಿ. ಹೊಲ ಹೋತಂದ್ರ ನೀನೂ ಸೋಫಾದ ಮ್ಯಾಲೆ ಕುಂತು, 'ಹೆಂಗದೀರಿ ಅಣ್ಣಾ' ಅಂತ ಕೇಳಾವನ."

"ಕುರ್ಚಿ ತಪ್ಪು ಕಡೆ ಹಾಕ್ಕೊಂಡಿದ್ದೀರ, ಬಿಸಿಲು ಕಣ್ಣಿಗೆ ಬೀಳುತ್ತೆ" ಎಂದೆ. "ಬೀಳ್ಲಿ, ನಿನಗೇನು?" ಎಂದರು. ಇಬ್ಬರಿಗೂ ಸಮಾಧಾನವಾಯಿತು.

ಕುದಿಸಲು ದೊಡ್ಡ ಪಾತ್ರೆ ಬೇಕಿತ್ತು. ನಮ್ಮ ಹಬ್ಬದೂಟಗಳಿಗೆ ಗೆಳೆಯರೆಲ್ಲ ಸೇರಿ ಕೊಂಡಿದ್ದ ಅಲ್ಯೂಮಿನಿಯಂ ಕೊಪ್ಪರಿಗೆಯೊಂದು ಬಸವಂತಣ್ಣನ ಗ್ಯಾರೇಜಿನಲ್ಲಿತ್ತು. ಆ ಶನಿವಾರ ಬೆಳಿಗ್ಗೆ ರಸವನ್ನೆಲ್ಲ ಅದಕ್ಕೆ ಸುರಿದು ಉರಿ ಹಾಕಿದೆವು. ಮಜಾ ನೋಡಲೆಂದು ನಾಲ್ಕು ಸಂಸಾರಗಳು ಒಗ್ಗರಣೆ ಅವಲಕ್ಕಿ ಕಟ್ಟಿಕೊಂಡು ಬಂದಿದ್ದವು. ಬಿಳಿ ಆವಿ ಏಳುತ್ತಿದ್ದಂತೆ ಶಾರದಕ್ಕ ಮೂಗರಳಿಸಿದರು.

"ರೀ, ಪುಳಿಯೋಗರೆ ವಾಸನಿ ಬರಾಕತ್ತೈತಲ್ರಿ?"

ನಿಜ. ಆ ಕೊಪ್ಪರಿಗೆ ವರ್ಷಗಟ್ಟಲೆ ಪುಳಿಯೋಗರೆ ಗೊಜ್ಜು ಕುದಿಸಿದ್ದು. ಎಷ್ಟು ತಿಕ್ಕಿ ತೊಳೆದಿದ್ದರೂ ಅದರ ಮೈಯೊಳಗೆ ಇಂಗೂ ಹುಣಸೆಯೂ ಕುಳಿತಿದ್ದವು. ಈಗ ಬಿಸಿ ತಗುಲಿ ನಿಧಾನವಾಗಿ ಎದ್ದು ಬರುತ್ತಿದ್ದವು. ಬಸವಂತಣ್ಣ ಧೃತಿಗೆಡಲಿಲ್ಲ. "ಹೊಲಸು ತಗಿಯಾಕ ನಮ್ಮಲ್ಲಿ ಔಷಧ ಐತಿ," ಎಂದು ಚೀಲದಿಂದ ಫ್ರೋಜನ್ ಬೆಂಡೆಕಾಯಿಯ ಪ್ಯಾಕೆಟ್ ತೆಗೆದರು. ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ, ಅದು ಎರಡೂ ಊರಿನ ಪದ್ಧತಿ. ನಾವಿಬ್ಬರೂ ಒಪ್ಪಿಕೊಂಡ ಒಂದೇ ವಿಷಯ ಅದು, ಕೆಟ್ಟದ್ದೂ ಅದರಿಂದಲೇ. ಕಬ್ಬಿನ ಹಾಲಿಗೆ ಸರಿಹೋದದ್ದು ಈ ತಿಳಿನೀರಿಗೆ ಹಿಡಿಸಲಿಲ್ಲ. ನೊರೆ ಬರುವ ಬದಲು ಇಡೀ ಕೊಪ್ಪರಿಗೆ ಲೋಳೆಲೋಳೆಯಾಗಿ ಹಸಿರಿಗೆ ತಿರುಗಿತು.

"ಬೆಂಡೆಕಾಯಿ ಗೊಜ್ಜಿಗೆ ಬೆಲ್ಲ ಸ್ವಲ್ಪ ಜಾಸ್ತಿಯಾಗಿದೆ ಅನ್ಸುತ್ತೆ, ಅಂಕಲ್," ಎಂದು ಬಂದವರಲ್ಲೊಬ್ಬ ಹೇಳಿದ.

"ಅವಲಕ್ಕಿ ತಿಂದು ಸುಮ್ನ ಕುಂದರೋ!"

ಬಟ್ಟೆಯಲ್ಲಿ ಸೋಸಿ ಮತ್ತೆ ಕುದಿಸಿದೆವು. ಮಧ್ಯಾಹ್ನ ಕಳೆದು ಕೊಪ್ಪರಿಗೆಯ ತಳದಲ್ಲಿ ಕಂದು ಬಣ್ಣದ ಪಾಕ ಗುಳ್ಳೆ ಒಡೆಯತೊಡಗಿತು. ಈಗ ಹದದ ಪ್ರಶ್ನೆ. ನಾನು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ನೋಡಿ, ಇಳಿಸೋಣ ಎಂದೆ. ಅವರು ಬೆರಳ ನಡುವೆ ಎಳೆ ಎಳೆದು, "ಇನ್ನೊಂದು ಕುದಿ" ಎಂದರು. ಆ ಕುದಿ ಆದ ಮೇಲೆ ಅವರು ಇಳಿಸೋಣ ಎಂದರು. ಅವರು ಹೇಳಿದಾಗ ನಾನೇಕೆ ಒಪ್ಪಲಿ? "ಈಗ ಇನ್ನೊಂದು ಕುದಿ ಬೇಕಣ್ಣ" ಎಂದೆ. ಮಂಡ್ಯದ ಒಂದೆಳೆ ಪಾಕ ದೊಡ್ಡದೋ ಮಹಾಲಿಂಗಪುರದ ಎರಡೆಳೆ ದೊಡ್ಡದೋ ಎಂದು ತೀರ್ಮಾನವಾಗುವ ಮೊದಲೇ ಸುಮಾ ಸೌಟು ಎತ್ತಲು ಹೋದಳು. ಸೌಟು ಬರಲಿಲ್ಲ. ಪಾಕ ಸೌಟನ್ನು ಹಿಡಿದುಕೊಂಡು ಕಲ್ಲಾಗಿತ್ತು.

ಅದನ್ನು ಬಿಡಿಸಲು ನಾನು ಕಾರಿನಿಂದ ಉಳಿ, ಸುತ್ತಿಗೆ ತಂದೆ. "ನೋಡ್ರಿ, ಸುತ್ತಿಗೆ ಬೇಕಾಯ್ತಲ್ಲ!" ಎಂದೆ. ಬಸವಂತಣ್ಣ ನಗಲಿಲ್ಲ. ಅವರು ಗೇಟಿನ ಕಡೆ ನೋಡುತ್ತಿದ್ದರು. ಹಿಂದಿನ ದಿನ ಏಜೆಂಟ್ ಬಂದು ಜಮೀನಿನ ಫೋಟೋ ತೆಗೆದುಕೊಂಡು ಹೋಗಿದ್ದನಂತೆ. ಗೇಟಿನ ಪಕ್ಕ ಮಾರಾಟದ ಬೋರ್ಡಿಗೆಂದು ಕಂಬವೊಂದನ್ನು ನೆಟ್ಟಿದ್ದ. ಬೋರ್ಡು ಮಾತ್ರ ಬರಬೇಕಿತ್ತು. ಶಾರದಕ್ಕ ಒಡೆದ ಚೂರುಗಳನ್ನು ಒಂದು ಡಬ್ಬಿಗೆ ತುಂಬಿಕೊಂಡರು. ಅವರು ಅನ್ನ ಸಕ್ಕರೆ ಎಸೆಯುವವರಲ್ಲ.

ಫೆಬ್ರವರಿಯ ನಡುವೆ ಇನ್ನೊಂದು ಸಣ್ಣ ಚಳಿ ಬಂತು. ಕೊಂಬೆಗಳ ತುದಿಯಲ್ಲಿ ಆಗಲೇ ಮೊಗ್ಗು ಊದಿಕೊಂಡಿದ್ದವು. ಇದೇ ಕೊನೆ ಎಂದು ಇಬ್ಬರಿಗೂ ಗೊತ್ತಿತ್ತು. ಈ ಸಲ ಸಿಕ್ಕಿದ ರಸವೂ ಕಡಿಮೆ. ಹೊಸ ಸ್ಟೀಲ್ ಪಾತ್ರೆ ತಂದು, ಬೆಂಡೆ ಗಿಂಡೆ ಹಾಕದೆ, ಹದವಾದ ಉರಿಯಲ್ಲಿ ಕುದಿಸಿದೆವು. ಬಸವಂತಣ್ಣ ಉರಿಯನ್ನೇ ನೋಡುತ್ತ ಕುಳಿತಿದ್ದರು. ಮುಖ ಸೋತಿತ್ತು. ರಸ ಹೊನ್ನಿನ ಬಣ್ಣಕ್ಕೆ ಬರುತ್ತಿದ್ದಂತೆ ಅವರು, "ಇಳಸೂಣೇನು?" ಎಂದು ಕೇಳಿದರು. ಇನ್ನೂ ಹದ ಬಂದಿಲ್ಲವೆಂದು ನನಗೆ ಅನ್ನಿಸಿತ್ತು. ಆದರೆ ಮತ್ತೆ ಕಲ್ಲಾದರೆ ಎಂಬ ಭಯವಿತ್ತು. ಅವರ ಮುಖ ನೋಡಿ, "ಸರಿ ಅಣ್ಣ, ನೀವು ಹೇಳಿದ ಹಾಗೇ ಆಗಲಿ" ಎಂದೆ.

ಅವರು ತಟ್ಟನೆ ತಲೆಯೆತ್ತಿದರು. "ಯಾಕ ಒಪ್ಪಿದಿ?"

"ನೀವು ಹೇಳಿದ್ರಲ್ಲ..."

"ಮೂವತ್ತು ವರ್ಷದಾಗ ಒಂದ ದಿನ ಒಪ್ಪಲಾರದಾಂವ ಇವತ್ತ್ಯಾಕ ಒಪ್ಪಿದಿ? ನಾ ಏನ್ ಸಾಯಾಕತ್ತೀನಿ?"

ಅಷ್ಟರಲ್ಲಿ ಇಳಿಸಿಬಿಟ್ಟಿದ್ದೆ. ಒಂದು ಉಪ್ಪಿನಕಾಯಿ ಬಾಟಲಿ ತುಂಬುವಷ್ಟು ಬಂತು. ನೋಡಲು ಬಲು ಚೆಂದವಾಗಿತ್ತು.

ಮರುದಿನ ಭಾನುವಾರ. ನಾವು ನಾಲ್ವರೂ ಶುಗರ್ ಲ್ಯಾಂಡ್‌ಗೆ ಹೊರಟೆವು. ದಾರಿಯುದ್ದಕ್ಕೂ ಬಸವಂತಣ್ಣ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ವಿದ್ಯಾ ಪ್ಯಾನ್‌ಕೇಕ್ ಮಾಡಿ ಕಾಯುತ್ತಿದ್ದಳು. ನೀಲಾ ಮೇಜಿನ ತಲೆಯ ಕಡೆ ಜಡ್ಜಿನಂತೆ ಕುಳಿತಿದ್ದಳು. ಅಜ್ಜ ಸಿರಪ್ ಸುರಿದರು. ಅವಳು ಒಂದು ತುತ್ತು ತಿಂದಳು. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದೆವು.

"ಇಟ್ ಟೇಸ್ಟ್ಸ್ ಲೈಕ್ ನಥಿಂಗ್, ಅಜ್ಜಾ," ಎಂದಳು ನಯವಾಗಿ. "ಲೈಕ್ ವಾಟರ್ ದಟ್ ಈಸ್ ಟ್ರೈಯಿಂಗ್." ಫೋರ್ಕು ಕೆಳಗಿಟ್ಟಳು.

ವಿದ್ಯಾಳ ಮುಖದಲ್ಲೂ ಗೆದ್ದ ಕಳೆ ಇರಲಿಲ್ಲ. ಬಸವಂತಣ್ಣ ಮೀಸೆ ಸವರಿಕೊಂಡು, "ಆತು ಬಿಡವ್ವಾ. ಮಾತಂದ್ರ ಮಾತು. ಎಲ್ಲಿ ಸಹಿ ಹಾಕೂದು ಹೇಳು," ಎಂದರು.

ಆಗ ಕಟಕ್ ಎಂಬ ಸದ್ದಾಯಿತು. ಶಾರದಕ್ಕನ ಚೀಲದಲ್ಲಿದ್ದ ಆ ಚೂರುಗಳ ಡಬ್ಬಿಯನ್ನು ನೀಲಾ ತೆರೆದಿದ್ದಳು. ದವಡೆಯಲ್ಲಿ ಕಂದು ಬಣ್ಣದ ಕಲ್ಲೊಂದನ್ನು ಕಡಿಯುತ್ತಿದ್ದಳು.

"ನೀಲಾ, ಸ್ಪಿಟ್ ಇಟ್ ಔಟ್!" ಎಂದಳು ವಿದ್ಯಾ.

"ನೋ! ಇಟ್ಸ್ ಲೈಕ್ ದ ಟ್ಯಾಮರಿಂಡ್ ಕ್ಯಾಂಡಿ! ಬಟ್ ಸ್ಮೆಲಿಯರ್!" ಎಂದು ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡಳು.

ಬಸವಂತಣ್ಣ ಎದ್ದು ನಿಂತರು. ಕಾಫಿ ಲೋಟಕ್ಕಿಂತ ಭಾರದ ಪಾತ್ರೆಯೊಂದನ್ನು ತಾವೇ ಎತ್ತಿ ಸ್ಟವ್ ಮೇಲಿಟ್ಟರು. ಚೂರುಗಳನ್ನು ಹಾಕಿ, ಸ್ವಲ್ಪ ನೀರು ಬಿಟ್ಟು ಕರಗಿಸಿದರು. ಶುಗರ್ ಲ್ಯಾಂಡ್‌ನ ಆ ದೊಡ್ಡ ಮನೆಯ ತುಂಬ ಇಂಗಿನ ವಾಸನೆ ಹರಡಿತು.

"ಅಪ್ಪಾ, ದಿಸ್ ಈಸ್ ಚೀಟಿಂಗ್! ಅದು ಸಿರಪ್ ಅಲ್ಲ, ಅದು... ನನಗೆ ಗೊತ್ತಿಲ್ಲ ಅದು ಏನು ಅಂತ!"

"ನನ್ನ ಗಿಡದ್ದು ಹೌದಿಲ್ಲೋ? ಸುರದ್ರ ಸುರೀತೈತೋ ಇಲ್ಲೋ?" ಎಂದು ಸುರಿದು ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಹದ ಬಂದೈತೇನೋ ರಾಜಪ್ಪಾ?" ಎಂದರು.

"ಬಂದಿಲ್ಲ," ಎಂದೆ. "ಇನ್ನೊಂದು ಕುದಿ ಬೇಕು."

"ನಿನ್ನ ತಲಿ!" ಎಂದರು. ಮುಖ ಅರಳಿತ್ತು.

ನೀಲಾ ತಿಂದಳು. ಮಧ್ಯೆ ಒಂದು ಸಲ ನಿಲ್ಲಿಸಿದಳು. ಆಗ ಶಾರದಕ್ಕ ಕಣ್ಣು ಮುಚ್ಚಿಕೊಂಡಿದ್ದರು. ನೀಲಾ ನೀರು ಕುಡಿದು ಮತ್ತೆ ಶುರು ಮಾಡಿದಳು. ಕೊನೆಗೆ ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿದಳು. ವಿದ್ಯಾ ಕೈಕಟ್ಟಿಕೊಂಡು ಖಾಲಿ ತಟ್ಟೆಯನ್ನು ನೋಡುತ್ತ ನಿಂತಳು.

"ಒನ್ ಇಯರ್," ಎಂದಳು.

"ಐದು," ಎಂದರು ಬಸವಂತಣ್ಣ.

"ಅಪ್ಪಾ! ಒನ್."

"ನಾಲ್ಕು. ಗಿಡಕ್ಕ ತೂತು ಹೊಡದೀವಿ, ಅವು ಸುಧಾರಿಸಿಕೊಬ್ಯಾಡೇನು?"

"ನೀವು ಸುಧಾರಿಸ್ಕೊಳ್ಳಿ ಮೊದಲು. ಒನ್ ಅಂಡ್ ಎ ಹಾಫ್."

ಸಂತೆಯಲ್ಲಿ ಎಮ್ಮೆಗೆ ದರ ಕಟ್ಟುವಂತೆ ಅಪ್ಪ ಮಗಳು ಅಡುಗೆಮನೆಯಲ್ಲಿ ನಿಂತು ಕೂಗಾಡಿದರು. ಅವಳು ಕೈ ಹಿಡಿದು ನಾಡಿ ನೋಡುವುದನ್ನೇ ಮರೆತಿದ್ದಳು. ಕೊನೆಗೆ ಎರಡು ವರ್ಷಕ್ಕೆ ತೀರ್ಮಾನವಾಯಿತು.

ಆ ಎರಡರಲ್ಲಿ ಬಸವಂತಣ್ಣ ಬಳಸಿಕೊಂಡದ್ದು ಎಂಟು ತಿಂಗಳು. ಅಕ್ಟೋಬರಿನ ಒಂದು ಮಧ್ಯಾಹ್ನ ರೌಂಡ್ ರಾಕ್‌ನ ತಮ್ಮ ಮನೆಯಲ್ಲೇ, ಊಟ ಮಾಡಿ ಮಲಗಿದವರು ಏಳಲಿಲ್ಲ. ಎಲ್ಲ ಮುಗಿದ ಮೇಲೆ ಜಮೀನನ್ನು ಏನು ಮಾಡುವುದೆಂದು ನಾವಾರೂ ವಿದ್ಯಾಳನ್ನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ. ಮಾರಾಟಕ್ಕಿದ್ದ ಅಡ್ಡಿಯೇ ಹೋಗಿತ್ತಲ್ಲ.

ಪ್ಯಾನ್‌ಕೇಕಿನ ಆ ದಿನ ಮೆಟ್ಟಿಲಿನ ಬಾಗಿಲು ತೆಗೆದು ಹೊರಗೆ ಬಂದು, ಏಣಿ ಹತ್ತಿ ಹೀಟರ್ ಸರಿಮಾಡಿದೆ. ಸಂಜೆ ವಿದ್ಯಾಳಿಗೆ ಫೋನ್ ಮಾಡಿದೆ. ಹೇಗಿದ್ದೀಯಮ್ಮ ಎಂದು ಮೆತ್ತಗೆ ಕೇಳಿದೆ.

"ಕಾಕಾ, ವೈ ಆರ್ ಯು ವಿಸ್ಪರಿಂಗ್?" ಎಂದಳು. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಲಿಸನ್. ನಾನು ಎರಡು ವರ್ಷ ಅಂತ ಹೇಳಿದ್ದೆ. ಅದು ಇನ್ನೂ ಮುಗಿದಿಲ್ಲ. ನೆಕ್ಸ್ಟ್ ವೀಕ್ ಫ್ರೀಜ್ ಇದೆ ಅಂತೆ. ನಾನು ಲೀವ್ ಹಾಕಿದ್ದೀನಿ. ಡ್ರಿಲ್ ನಿಮ್ಮ ಹತ್ರ ಇದೆಯಾ?"